ಮಾವಿನಮರದ ಸ್ಟಾಪು ಮಿಲ್ಲಿಗೆ ಹೋದದ್ದು

ನಮ್ಮೂರಿನ ಬಸ್ ಸ್ಟಾಪಿಗೆ ಕಾಲಿದೆ. ಎಪ್ಪತ್ತೆಂಟರಲ್ಲಿ, ನಾನು ಐದನೇ ಕ್ಲಾಸಿನಲ್ಲಿದ್ದಾಗ, ಅದು ಮಾವಿನಮರದ ಬುಡದಲ್ಲಿತ್ತು. ನಾನು ಏಳನೇ ಕ್ಲಾಸಿಗೆ ಬರುವಷ್ಟರಲ್ಲಿ ಮರದ ನೆರಳು ದಾಟಿ ಮೈಲಿಗಲ್ಲಿನ ಹತ್ತಿರ ಹೋಗಿತ್ತು. ಹತ್ತನೇ ಕ್ಲಾಸಿನ ಹೊತ್ತಿಗೆ ಮೇಷ್ಟ್ರ ಮನೆ ಗೇಟಿನ ಎದುರು. ಪಿಯುಸಿಗೆಂದು ನಾನು ಸಾಗರದ ಕಾಲೇಜಿಗೆ ಓಡಾಡತೊಡಗಿದಾಗ ಅಕ್ಕಿ ಮಿಲ್ಲಿನ ಬಾಗಿಲಿಗೆ ಬಂದು ನಿಂತಿತ್ತು. ಇದೇ ವೇಗದಲ್ಲಿ ನಡೆದರೆ ನಾನು ಡಿಗ್ರಿ ಮುಗಿಸುವ ಹೊತ್ತಿಗೆ ಸ್ಟಾಪು ತಾನೇ ಸಾಗರ ತಲುಪುತ್ತದೆ, ಆಮೇಲೆ ಬಸ್ಸೇ ಬೇಡ ಎಂದು ಕಾಲೇಜಿನಲ್ಲಿ ಹೇಳಿ ಒಂದು ಬೆಂಚು ಪೂರ್ತಿ ನಗಿಸಿದ್ದೆ. ಹಿಂದಿನ ಬೆಂಚೂ ನಕ್ಕಿತು ಅನ್ನಿ. ಇಡೀ ಕಾಲೇಜೇ ನಕ್ಕಿತು ಅಂದರೂ ತಡೆಯುವವರು ಯಾರಿದ್ದಾರೆ.

ನಾನು ಯಾವುದನ್ನೂ ಇದ್ದಷ್ಟೇ ಹೇಳುವವಳಲ್ಲ. ಒಂದು ಹಾವು ಕಂಡರೆ ನನ್ನ ಬಾಯಲ್ಲಿ ಅದು ಸಂಜೆಯೊಳಗೆ ಮೂರು ಮಾರು ಬೆಳೆಯುತ್ತದೆ. ಆದರೆ ಸ್ಟಾಪಿನ ವಿಷಯದಲ್ಲಿ ಎಳೆಯುವ ಅಗತ್ಯವೇ ಬೀಳಲಿಲ್ಲ. ಅದು ತನ್ನಷ್ಟಕ್ಕೆ ತಾನೇ ಎಳೆದುಕೊಂಡು ಹೋಗುತ್ತಿತ್ತು.

ಇನ್ನೊಂದು ವಿಚಿತ್ರವೆಂದರೆ ಅದು ಎರಡೂ ಕಡೆಗೆ ನಡೆದಿತ್ತು. ಬೆಳಿಗ್ಗೆ ಸಾಗರದ ಕಡೆ ಹೋಗುವ ಬಸ್ಸಿಗೆ ಜನ ಮಿಲ್ಲಿನ ಹತ್ತಿರ ನಿಲ್ಲುತ್ತಿದ್ದರು. ಸಂಜೆ ಹೊಸನಗರದ ಕಡೆ ಹೋಗುವ ಬಸ್ಸಿಗೆ, ಮರದಿಂದ ಆಚೆ ದಿಕ್ಕಿನಲ್ಲಿ, ಮೋರಿಯ ಹತ್ತಿರ ನಿಲ್ಲುತ್ತಿದ್ದರು. ಒಂದೇ ಸ್ಟಾಪು ಹಿಸ್ಸೆಯಾದ ಅಣ್ಣತಮ್ಮಂದಿರ ಹಾಗೆ ಒಬ್ಬ ಆ ಕಡೆ, ಒಬ್ಬ ಈ ಕಡೆ ಹೋಗಿ ಮನೆ ಕಟ್ಟಿಕೊಂಡಿತ್ತು. ನಡುವೆ ಮಾವಿನಮರ ಒಂದೇ ಉಳಿದಿತ್ತು, ಎದೆಗೆ ಪಂಚಾಯ್ತಿಯವರು ಹೊಡೆದ ‘ಬಸ್ ನಿಲುಗಡೆ’ ಬೋರ್ಡು ಹೊತ್ತುಕೊಂಡು. ಅದರ ಕೆಳಗೆ ಯಾರೂ ನಿಲ್ಲುತ್ತಿರಲಿಲ್ಲ. ಮೇಷ್ಟ್ರ ಮನೆ ಕರು ಮಾತ್ರ ನಿಲ್ಲುತ್ತಿತ್ತು. ಅದಕ್ಕೆ ಓದಲು ಬರುತ್ತದೆ ಎಂದು ನಾನು ಒಂದು ಸುದ್ದಿ ಹಬ್ಬಿಸಿದ್ದೆ.

ಸ್ಟಾಪನ್ನು ನಡೆಸಿದವರು ನನ್ನ ಅಪ್ಪಯ್ಯ. ಅವರೇ ಆ ಬಸ್ಸಿನ ಡ್ರೈವರು.

ಅಪ್ಪಯ್ಯನಿಗೆ ಲೈಸೆನ್ಸಿನಲ್ಲಿ ಐವತ್ತೆರಡು ವರ್ಷ. ನಮ್ಮ ಅಜ್ಜಿ ಬದುಕಿದ್ದಾಗ ಹೇಳುತ್ತಿದ್ದ ಲೆಕ್ಕದಲ್ಲಿ ಅರವತ್ತು. ಶಾಲೆಗೆ ಸೇರಿಸುವಾಗ ಯಾರೋ ಮುಖ ನೋಡಿ ಒಂದು ವರ್ಷ ಬರೆದರು, ಮುಖ ಚಿಕ್ಕದಿತ್ತು. ಅವರ ಐದು ಮಕ್ಕಳಲ್ಲಿ ನಾನೇ ಕೊನೆಯವಳು. ನಾಲ್ವರು ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ಉಳಿದ ಒಂದೇ ಬಾಯಿ. ಒಂದೇ ಸಾಕು ಎಂದು ಅಮ್ಮ ಹೇಳುತ್ತಿದ್ದಳು.

ಆ ಪ್ರೈವೇಟ್ ಬಸ್ಸು ಬೆಳಿಗ್ಗೆ ಹೊಸನಗರ ಬಿಟ್ಟು ಸಾಗರಕ್ಕೆ ಹೋಗುತ್ತಿತ್ತು. ಅಲ್ಲಿಂದ ತಿರುಗಿ ಹೊಸನಗರದ ಮೇಲೆ ತೀರ್ಥಹಳ್ಳಿ. ಅಲ್ಲಿ ಊಟ. ಊಟ ಹೊಟ್ಟೆಗಿಳಿಯುವ ಮೊದಲೇ ಮತ್ತೆ ಸಾಗರ, ಸಂಜೆ ಮತ್ತೆ ಹೊಸನಗರ. ಇಷ್ಟೂ ರಸ್ತೆಯಲ್ಲಿ ನೆಟ್ಟಗಿದ್ದ ಜಾಗ ಎಂದರೆ ಸಾಗರದ ಪೇಟೆಬೀದಿ ಒಂದೇ, ಅಲ್ಲಿ ದನ ಮಲಗಿರುತ್ತಿದ್ದವು. ಸ್ಟೇರಿಂಗ್ ತಿರುಗಿಸಿ ತಿರುಗಿಸಿ ಅಪ್ಪಯ್ಯನ ತೋಳು ಹೇಗಾಗಿತ್ತೆಂದರೆ, ಮನೆಯಲ್ಲಿ ಮಜ್ಜಿಗೆ ಲೋಟ ಕೊಟ್ಟರೂ ಮೊದಲು ಎಡಕ್ಕೆ ಕಾಲು ಸುತ್ತು ತಿರುಗಿಸಿ ಆಮೇಲೆ ಕುಡಿಯುತ್ತಿದ್ದರು. ಮದುವೆ ಕಾಲ ಬಂತೆಂದರೆ ಇದರ ಮೇಲೆ ದಿಬ್ಬಣದ ಟ್ರಿಪ್ಪು ಬೇರೆ. ರಾತ್ರಿಯೆಲ್ಲ ಮದುಮಗನ ಕಡೆಯವರನ್ನು ಹೊತ್ತು, ಎರಡು ತಾಸು ಕಣ್ಣು ಮುಚ್ಚಿ, ಬೆಳಿಗ್ಗೆ ಮತ್ತೆ ಲೈನಿಗೆ. ಬೇರೆ ಡ್ರೈವರನ್ನು ಕಳಿಸಿ ಅಂತ ಯಾವ ಮನೆಯವರೂ ಕೇಳುತ್ತಿರಲಿಲ್ಲ. ‘ನಮ್ಮ ಡ್ರೈವರಣ್ಣನೇ ಬರಬೇಕು’ ಎಂದು ಹಟ ಹಿಡಿಯುತ್ತಿದ್ದರು. ಮೂವತ್ತು ವರ್ಷದಲ್ಲಿ ಒಂದು ಕೋಳಿಯನ್ನೂ ಮುಟ್ಟದ ಕೈ ಅದು ಎಂದು ಎಲ್ಲರೂ ಹೇಳುತ್ತಿದ್ದರು. ನಿಜವೇ. ಮುಟ್ಟದಿದ್ದದ್ದು ಕೋಳಿಗಳ ಬುದ್ಧಿವಂತಿಕೆಯಿಂದ ಎಂದು ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಅಪ್ಪಯ್ಯ ತೂಕಡಿಸದಂತೆ ನೋಡಿಕೊಳ್ಳಲು ನಮ್ಮ ಲೈನಿನಲ್ಲಿ ಒಂದು ಕಟ್ಟಳೆಯೇ ಇತ್ತು. ಇಂಜಿನ್ ಬಾನೆಟ್ಟಿನ ಪಕ್ಕ ಒಂದು ಸೀಟು. ಅಲ್ಲಿ ಕೂತವರು ಡ್ರೈವರಿಗೆ ಕವಳ ಹಾಕಿ ಕೊಡಬೇಕು. ಎಲೆಗೆ ಸುಣ್ಣ ಬಳಿದು, ಅಡಿಕೆ ಇಟ್ಟು, ಮಡಿಸಿ, ನೇರವಾಗಿ ಬಾಯಿಗೆ. ಹೊಸನಗರ ಬಿಡುವಾಗ ಒಂದು, ಬಟ್ಟೆಮಲ್ಲಪ್ಪದ ಮುಂಚೆ ಒಂದು, ಸಾಗರ ಕಾಣುವ ಹೊತ್ತಿಗೆ ಒಂದು. ಜೊತೆಗೆ ಮಾತೂ ಆಡುತ್ತಿರಬೇಕು. ದವಡೆ ಆಡುತ್ತಿದ್ದರೆ ಕಣ್ಣು ಮುಚ್ಚುವುದಿಲ್ಲ ಎಂಬುದು ಈ ಕಡೆಯ ವೈದ್ಯಶಾಸ್ತ್ರ. ಬೆಳಗಿನ ಟ್ರಿಪ್ಪಿನಲ್ಲಿ ಆ ಸೀಟು ನಮ್ಮೂರಿನ ಮೇಷ್ಟ್ರದು, ಅದು ತಪ್ಪಬಾರದೆಂದು ನಸುಕಿಗೇ ಹೊಸನಗರಕ್ಕೆ ಹೋಗಿ ಅಲ್ಲಿಂದಲೇ ಹತ್ತಿ ಬರುತ್ತಿದ್ದರು. ಮೇಷ್ಟ್ರ ಮಾತು ಕೇಳಿಯೇ ಮೂವತ್ತು ಮಕ್ಕಳು ದಿನಾ ಕ್ಲಾಸಿನಲ್ಲಿ ನಿದ್ದೆ ಹೋಗುತ್ತಿದ್ದರು ಎಂಬುದು ಯಾರಿಗೂ ಹೊಳೆಯಲಿಲ್ಲ.

ನನಗೆ ಹೊಳೆದದ್ದು ಒಂದು ಭಾನುವಾರ. ಅಪ್ಪಯ್ಯ ಜಗಲಿಯ ಆರಾಮ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದರು, ದವಡೆ ಮಾತ್ರ ತಾಳಕ್ಕೆ ಸರಿಯಾಗಿ ಆಡುತ್ತಿತ್ತು. ಕೊಟ್ಟಿಗೆಯಲ್ಲಿ ಎಮ್ಮೆಯೂ ಅದನ್ನೇ ಮಾಡುತ್ತಿತ್ತು. ನಾನು ಅಮ್ಮನನ್ನು ಕರೆದು ಇಬ್ಬರನ್ನೂ ತೋರಿಸಿದೆ.

“ಅಪ್ಪಯ್ಯನ್ನ ಎಮ್ಮೆಗೆ ಹೋಲಿಸ್ತೀಯಾ?” ಎಂದಳು ಅಮ್ಮ.

“ಹೋಲಿಸ್ತಾ ಇಲ್ಲ. ಎಮ್ಮೆಗೆ ಯಾರೂ ಬಸ್ ಕೊಟ್ಟಿಲ್ಲ ಅಂತ ಹೇಳ್ತಾ ಇದೀನಿ.”

ಸೌಟು ನನ್ನ ಕಡೆ ಬಂತು. ತಪ್ಪಿಸಿಕೊಂಡೆ. ನನಗೆ ಹದಿನಾರು, ನನ್ನ ಕಾಲಿಗೆ ಸುದ್ದಿ ಬೇಗ ತಲುಪುತ್ತದೆ.

ಆ ವರ್ಷ ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವವರು ಒಂದು ಆಟ ತೋರಿಸಿದರು. ಒಬ್ಬರು ಒಂದು ಅಡಿಯ ಸ್ಕೇಲನ್ನು ಮೇಲಿನಿಂದ ಹಿಡಿಯಬೇಕು. ಇನ್ನೊಬ್ಬರು ಅದರ ಕೆಳತುದಿಗೆ ಬೆರಳು ತೆರೆದು ಕಾಯಬೇಕು. ಹೇಳದೆ ಬಿಟ್ಟಾಗ ಎಷ್ಟು ಇಂಚು ಜಾರಿದ ಮೇಲೆ ಹಿಡಿದಿರಿ ಎಂಬುದರಿಂದ, ಕಣ್ಣು ಕಂಡದ್ದು ಕೈಗೆ ತಲುಪಲು ಎಷ್ಟು ಹೊತ್ತು ಬೇಕು ಎಂದು ಗೊತ್ತಾಗುತ್ತದೆ. ನಾನು ಐದು ಇಂಚಿಗೆ ಹಿಡಿದೆ. ಮನೆಗೆ ಬಂದು ನಾಲ್ಕು ಎಂದೆ.

ಅಮ್ಮ ದೋಸೆಹಿಟ್ಟಿನ ಕೈಯಲ್ಲೇ ಆರು ಇಂಚಿಗೆ ಹಿಡಿದು, “ಇದಕ್ಕೆ ಫೀಸ್ ಕಟ್ಟಿ ಕಾಲೇಜಿಗೆ ಕಳ್ಸಿದ್ದಾ?” ಎಂದಳು.

ಅಪ್ಪಯ್ಯ ತೀರ್ಥಹಳ್ಳಿ ಸುತ್ತಿ ಬಂದು ಕೈಕಾಲು ತೊಳೆದು ಕೂತಿದ್ದರು. ಸ್ಕೇಲು ಬಿಟ್ಟೆ. ಅದು ನೆಲಕ್ಕೆ ಬಿತ್ತು. ಎರಡನೇ ಸಲ ನೆಲಕ್ಕೆ ಬಿತ್ತು. ಮೂರನೇ ಸಲ ಅವರ ಹೆಬ್ಬೆರಳ ಮೇಲೆ ಬಿತ್ತು.

“ಹೇಳ್ದೆ ಬಿಟ್ರೆ ಹೆಂಗೆ ಹಿಡಿಯೋದು?” ಎಂದರು.

“ದನ ರಸ್ತೆಗೆ ಬರೋವಾಗ ಹೇಳಿ ಬರುತ್ತಾ ಅಪ್ಪಯ್ಯ?”

“ದನ ಮೇಲಿಂದ ಬೀಳಲ್ಲ ಮಾರಾಯ್ತಿ. ಎದ್ರಿಂದ ಬರುತ್ತೆ.”

ಇದಕ್ಕೆ ಉತ್ತರ ಹುಡುಕಲು ನನಗೆ ಎರಡು ದಿನ ಬೇಕಾಯಿತು. ಅಷ್ಟರಲ್ಲಿ ಅವರು ಮರೆತಿದ್ದರು. ನಾನು ಮಾತ್ರ ಸ್ಕೇಲು ಹಿಡಿದು ಹಿಂದೆ ಬಿದ್ದೆ. ಬೆಳಿಗ್ಗೆ ಎದ್ದ ಕೂಡಲೇ ಬಿಟ್ಟರೆ ಹತ್ತು, ಹನ್ನೊಂದು ಇಂಚಿಗೆ ಹಿಡಿಯುತ್ತಿದ್ದರು. ಸಂಜೆ ಹತ್ತು ಸಲ ಬಿಟ್ಟರೆ ಒಮ್ಮೆ ಹಿಡಿದರೆ ಹೆಚ್ಚು. ದಿಬ್ಬಣದ ಮರುದಿನ ಹಿಡಿದದ್ದೇ ಇಲ್ಲ. ಒಮ್ಮೆಯಂತೂ ಸ್ಕೇಲು ಬಿದ್ದು, ಉರುಳಿ, ನಾನು ಅದನ್ನು ಎತ್ತಿಕೊಂಡ ಮೇಲೆ ಬೆರಳು ಮುಚ್ಚಿದರು. ಇದು ಸ್ವಲ್ಪ ಹೆಚ್ಚಾಯಿತು, ಒಪ್ಪುತ್ತೇನೆ. ಆದರೆ ಸ್ವಲ್ಪವೇ.

ಆಗ ಸ್ಟಾಪು ಯಾಕೆ ನಡೆಯುತ್ತಿತ್ತು ಎಂದು ಅರ್ಥವಾಯಿತು. ಮರ ಕಾಣುತ್ತದೆ, ವಿಸಲ್ ಕೇಳುತ್ತದೆ, ಬ್ರೇಕಿನ ಮೇಲೆ ಕಾಲು ಹೋಗುವಷ್ಟರಲ್ಲಿ ಮರ ಹಿಂದೆ ಹೋಗಿರುತ್ತದೆ. ಮೊದಲ ವರ್ಷ ನಾಲ್ಕು ಹೆಜ್ಜೆ, ಆಮೇಲೆ ಹತ್ತು, ಆಮೇಲೆ ಇಪ್ಪತ್ತು. ಬಸ್ಸು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಜನ ಓಡುತ್ತಿದ್ದರು. ದಿನಾ ಯಾರು ಓಡುತ್ತಾರೆ, ಮೊದಲೇ ಅಲ್ಲಿ ಹೋಗಿ ನಿಂತರಾಯಿತು ಎಂದು ನಿಂತರು. ಯಾರೂ ಯಾರಿಗೂ ಹೇಳಲಿಲ್ಲ. ಇರುವೆಗಳ ಹಾಗೆ ಸಾಲು ಸರಿಯಿತು. ನಾನು ಮರದಿಂದ ಮಿಲ್ಲಿನ ಬಾಗಿಲಿಗೆ ಹೆಜ್ಜೆ ಎಣಿಸಿದೆ. ನಲವತ್ತಾರು.

ಮೊದಲು ಕಂಡಕ್ಟರ್ ಮಾವನನ್ನು ಹಿಡಿದೆ. ಅಪ್ಪಯ್ಯನ ಜೊತೆ ಹದಿನೈದು ವರ್ಷದಿಂದ ಇದ್ದವರು, ನನ್ನನ್ನು ಎತ್ತಿ ಆಡಿಸಿದವರು.

“ಮಾವ, ನಮ್ಮ ಸ್ಟಾಪಿಗೆ ವಿಸಲ್ ಎಲ್ಲಿ ಹಾಕ್ತೀರಿ?”

“ಮೋರಿ ಹತ್ರ.”

“ನಾ ಐದ್ನೇ ಕ್ಲಾಸಲ್ಲಿ ಇದ್ದಾಗ?”

ಅವರು ಟಿಕೆಟ್ ಪುಸ್ತಕದ ರಬ್ಬರ್ ಎಳೆದು ಬಿಟ್ಟರು. “ಆಗ ಮರದ ಹತ್ರ ಬಂದ್ಮೇಲೆ ಹಾಕ್ತಿದ್ದೆ. ಈಗ ಸ್ವಲ್ಪ ಮುಂಚೆ ಹಾಕಿದ್ರೆ ನಿಮ್ಮಪ್ಪಯ್ಯಂಗೆ ಅನುಕೂಲ.”

“ಅಂದ್ರೆ ನಿಮಗೆ ಗೊತ್ತು.”

“ಎಂತ ಗೊತ್ತು? ನಂಗೆಂತದೂ ಗೊತ್ತಿಲ್ಲ. ನೀ ಓದೋದು ಓದು.”

ಗೊತ್ತಿಲ್ಲದವರು ಅವರೊಬ್ಬರೇ ಆಗಿರಲಿಲ್ಲ. ಬಸ್ಸಿನ ಹೊತ್ತಿಗೆ ಸರಿಯಾಗಿ ತಿರುವಿನ ಮನೆಯವರು ಕರು ಕಟ್ಟಿಹಾಕುತ್ತಿದ್ದರು. ಶಾಲೆ ಮಕ್ಕಳಿಗೆ, ದೂರದಲ್ಲಿ ನಮ್ಮ ಬಸ್ಸಿನ ಸದ್ದು ಕೇಳಿದರೆ ರಸ್ತೆಯಂಚಿನ ಎತ್ತರದ ಧರೆ ಹತ್ತಿ ನಿಲ್ಲಿ ಎಂದು ತಾಯಂದಿರು ಹೇಳಿಕೊಟ್ಟಿದ್ದರು. ಬೇರೆ ಬಸ್ಸುಗಳಿಗೆ ಮಕ್ಕಳು ಧರೆ ಹತ್ತುತ್ತಿರಲಿಲ್ಲ. ಸೈಕಲ್ಲಿನವರು ಇಳಿದು ಚರಂಡಿಯ ಆಚೆ ನಿಂತು ಅಪ್ಪಯ್ಯನಿಗೆ ಕೈ ಎತ್ತಿ ನಮಸ್ಕಾರ ಮಾಡುತ್ತಿದ್ದರು. ಅಪ್ಪಯ್ಯ ಇದನ್ನು ಮರ್ಯಾದೆ ಎಂದುಕೊಂಡು ಹಾರ್ನ್ ಹೊಡೆಯುತ್ತಿದ್ದರು. ಬಸ್ಸನ್ನು ಅವರೊಬ್ಬರೇ ಓಡಿಸುತ್ತಿರಲಿಲ್ಲ, ಇಡೀ ರಸ್ತೆ ಸೇರಿ ಓಡಿಸುತ್ತಿತ್ತು. ಇದನ್ನು ಬಾಯಿಬಿಟ್ಟು ಹೇಳಿದವಳು ನಾನೊಬ್ಬಳೇ, ಹಾಗಾಗಿ ಅಧಿಕಪ್ರಸಂಗಿ ಎನಿಸಿಕೊಂಡವಳೂ ನಾನೊಬ್ಬಳೇ.

ಮೇಷ್ಟ್ರಿಗೆ ಹೇಳಿದೆ. “ಅನುಭವ ಅಂತ ಒಂದು ಇರುತ್ತೆ ಕಣೆ, ಅದು ಸ್ಕೇಲಲ್ಲಿ ಸಿಗಲ್ಲ” ಎಂದರು. ಅಮ್ಮನಿಗೆ ಮತ್ತೆ ಹೇಳಿದೆ. ಅವಳು ಈ ಸಲ ಸೌಟು ಎತ್ತಲಿಲ್ಲ. “ಬಸ್ ಬಿಟ್ಟು ಅವ್ರು ಎಂತ ಮಾಡ್ತಾರೆ ಹೇಳು” ಎಂದು ಒಲೆಯ ಕಡೆ ತಿರುಗಿದಳು. ಕೊನೆಗೆ ಅಪ್ಪಯ್ಯನಿಗೇ ಹೇಳಿದೆ, ಊಟಕ್ಕೆ ಕೂತಾಗ, ಈ ಸಲ ತಮಾಷೆ ಸೇರಿಸದೆ.

“ಅಪ್ಪಯ್ಯ, ಯಾರಾದ್ರೂ ಅಡಿಗೆ ಬೀಳೋದ್ರೊಳಗೆ ನೀವು ಇಳೀಬೇಕು.”

ಅವರು ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಬೆಳಿಗ್ಗೆ ನಾನು ಬಸ್ ಹತ್ತಿದರೆ ಒಂದು ಹಾರ್ನ್, ಸಾಗರದಲ್ಲಿ ಇಳಿದರೆ ಎರಡು. ನಾಲ್ಕನೇ ದಿನ ಅಮ್ಮ, “ಅವ್ರು ಉಪ್ಪು ಕೇಳ್ತಾ ಇದಾರೆ, ಕೊಡು” ಎಂದಾಗ ನಾನೂ ಪೋಂ ಎಂದು ಬಾಯಲ್ಲಿ ಹಾರ್ನ್ ಹೊಡೆದೆ. ನಕ್ಕರು. ಮಾತು ಶುರುವಾಯಿತು. ವಿಷಯ ಮಾತ್ರ ಅಲ್ಲೇ ಸತ್ತಿತು.

ಮಾಘ ಮಾಸದಲ್ಲಿ ಅಪ್ಪಯ್ಯನಿಗೆ ಜ್ವರ ಬಂತು. ಬಸ್ಸಿನ ಯಜಮಾನರು ಸಾಗರದಿಂದ ಮೂರು ದಿನಕ್ಕೆ ಒಬ್ಬ ಹುಡುಗ ಡ್ರೈವರನ್ನು ಕಳಿಸಿದರು. ಇಪ್ಪತ್ತೈದರ ಆಸುಪಾಸು, ಹಣೆ ತುಂಬ ಕೂದಲು. ನನಗೆ ಒಳಗೊಳಗೇ ಖುಷಿ. ಸರಿಯಾದ ಜಾಗದಲ್ಲಿ ಬಸ್ ನಿಂತದ್ದು ನೋಡಿದರೆ ಜನರಿಗೆ ತಾವೇ ಅರ್ಥವಾಗುತ್ತದೆ ಎಂದುಕೊಂಡೆ. ನನ್ನ ಬುದ್ಧಿಯ ಬಗ್ಗೆ ನನಗೆ ಯಾವಾಗಲೂ ಹೆಮ್ಮೆ. ನಮ್ಮೂರಿನ ಜನರನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಮರೆಯುತ್ತೇನೆ.

ಕಂಡಕ್ಟರ್ ಮಾವ ಅಭ್ಯಾಸದಂತೆ ಮೋರಿಯ ಹತ್ತಿರವೇ ವಿಸಲ್ ಹಾಕಿದರು. ಹುಡುಗ ವಿಸಲ್ ಕೇಳಿದ ಕೂಡಲೇ ಬ್ರೇಕ್ ಒತ್ತಿದ. ಬಸ್ಸು ಮೋರಿ ದಾಟಿ ನಾಲ್ಕು ಹೆಜ್ಜೆಗೆ, ಮರಕ್ಕಿಂತ ಎಷ್ಟೋ ಹಿಂದೆ, ಖಾಲಿ ಗದ್ದೆಯ ಎದುರು ನಿಂತಿತು. ಮಿಲ್ಲಿನ ಹತ್ತಿರ ನಿಂತಿದ್ದ ನಾವೆಲ್ಲ ಬಾಯಿ ತೆರೆದು ನೋಡಿದೆವು. ಆಮೇಲೆ ಓಡಿದೆವು. ಬಸ್ಸಿನೊಳಗೆ ನಿಂತಿದ್ದವರು ಒಬ್ಬರ ಮೇಲೊಬ್ಬರು ಬಿದ್ದಿದ್ದರು, ಮೇಷ್ಟ್ರ ಸುಣ್ಣದ ಡಬ್ಬಿ ಬಾನೆಟ್ಟಿನ ಮೇಲೆ ಚೆಲ್ಲಿತ್ತು.

ತೋಟದ ಮನೆಯ ಅಮ್ಮ ಸೀರೆ ಎತ್ತಿ ಕಟ್ಟಿ ಓಡಿಬಂದು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದರು. ಪ್ರತಿ ವಾರ ಸಾಗರದ ಆಸ್ಪತ್ರೆಗೆ ಹೋಗಿ ಮಂಡಿನೋವಿಗೆ ಮದ್ದು ತರುವವರು. “ಈ ಮಾಣಿಗೆ ಎಂತೂ ಗೊತ್ತಿಲ್ಲೆ. ನಂಗೆ ಓಡಲೆ ಆಗ್ತಿಲ್ಲೆ. ಡ್ರೈವರಣ್ಣ ಇದ್ದಿದ್ರೆ ಕಾಲಬುಡಕ್ಕೇ ತಂದು ನಿಲ್ಲಿಸ್ತಿದ್ದ” ಎಂದರು.

“ವಿಸಲ್ ಹಾಕಿದ್ರಲ್ಲ ಅಮ್ಮ, ನಿಲ್ಲಿಸ್ದೆ” ಎಂದ ಹುಡುಗ.

“ವಿಸಲ್ ಹಾಕಿದ ಕೂಡ್ಲೇ ನಿಲ್ಲಿಸ್ತಾರಾ?” ಎಂದರು ಮೇಷ್ಟ್ರು, ಸುಣ್ಣ ಒರೆಸುತ್ತಾ. ಇಡೀ ಬಸ್ಸು ಹೌದು ಹೌದು ಎಂದಿತು.

ಮೂರು ದಿನವೂ ಹೀಗೇ. ಪ್ರತಿ ಸ್ಟಾಪಿನಲ್ಲೂ ಹುಡುಗ ಮುಂಚೆ ನಿಲ್ಲಿಸಿದ, ಪ್ರತಿ ಸ್ಟಾಪಿನಲ್ಲೂ ಜನ ಓಡಿದರು, ಬೈದರು. ಕವಳ ಬೇಡ ಎಂದದ್ದಂತೂ ದೊಡ್ಡ ಅಪರಾಧವಾಯಿತು. ಮೂರನೇ ದಿನ ಸಂಜೆ ಮೇಷ್ಟ್ರು ನಮ್ಮ ಜಗಲಿಗೆ ಬಂದರು. ಯಜಮಾನರಿಗೆ ಒಂದು ಅರ್ಜಿ ಬರೆಯಬೇಕು, ಅಕ್ಷರ ಚೆಂದ ಇರುವವರು ಬೇಕು. ಅಕ್ಷರ ನನ್ನದೇ ಚೆಂದ, ಇದರಲ್ಲಿ ಎಳೆದದ್ದೇನೂ ಇಲ್ಲ.

ಮೇಷ್ಟ್ರು ಹೇಳುತ್ತಾ ಹೋದರು: ಸದರಿ ಹೊಸ ಚಾಲಕರು ಅನುಭವವಿಲ್ಲದೆ ಎಲ್ಲೆಂದರಲ್ಲಿ ಬಸ್ಸನ್ನು ಹಠಾತ್ತನೆ ನಿಲ್ಲಿಸುತ್ತಿದ್ದು, ಪ್ರಯಾಣಿಕರಿಗೆ ತೀವ್ರ ತೊಂದರೆಯಾಗುತ್ತಿರುವುದರಿಂದ, ಹಳೆಯ ಅನುಭವಸ್ಥ ಚಾಲಕರನ್ನೇ ಮುಂದುವರಿಸಬೇಕಾಗಿ ವಿನಂತಿ.

ಪೆನ್ನು ನನ್ನ ಕೈಯಲ್ಲಿತ್ತು. ನಲವತ್ತಾರು ಹೆಜ್ಜೆ ಎಂದು ಒಂದು ಸಾಲು ಸೇರಿಸಿದ್ದರೂ ಕನ್ನಡಕ ತಾರದ ಮೇಷ್ಟ್ರಿಗೆ ಓದಲಾಗುತ್ತಿರಲಿಲ್ಲ. ಒಳಗಿನ ಕೋಣೆಯಲ್ಲಿ ಅಪ್ಪಯ್ಯ ಕೆಮ್ಮುತ್ತಿದ್ದರು. ಮೂರು ದಿನವೂ ಬಸ್ ಹತ್ತಿದಾಗ ಅವರ ಒಂದು ಹಾರ್ನಿಗೆ ನಾನು ಕಾದದ್ದು ನಿಜ. ಹೇಳಿದ್ದನ್ನು ಹೇಳಿದ ಹಾಗೇ ಬರೆದೆ. ‘ಅನುಭವಸ್ಥ’ದ ಸ್ಥಕ್ಕೆ ಬಾಲ ಸ್ವಲ್ಪ ಹೆಚ್ಚು ಎಳೆದೆ, ಅಷ್ಟೇ. ಮೂವತ್ತೆರಡು ಸಹಿ, ಹನ್ನೊಂದು ಹೆಬ್ಬೆಟ್ಟು. ಯಜಮಾನರು ಅದನ್ನು ಅಪ್ಪಯ್ಯನ ಕೈಗೇ ಕೊಟ್ಟು ಬೆನ್ನು ತಟ್ಟಿದರಂತೆ. ಅಪ್ಪಯ್ಯ ಅದನ್ನು ತಂದು ಟ್ರಂಕಿನಲ್ಲಿ ಇಟ್ಟರು.

“ಅಕ್ಷರ ಚಂದ ಇದೆ” ಎಂದರು ನನಗೆ.

ಜ್ವರದಲ್ಲಿ ಮಲಗಿ ಎದ್ದದ್ದರಿಂದ ಒಂದು ವಾರ ಬಸ್ಸು ಮಿಲ್ಲಿಗಿಂತ ಹತ್ತು ಹೆಜ್ಜೆ ಹಿಂದೆಯೇ ನಿಲ್ಲುತ್ತಿತ್ತು. ನಿದ್ದೆ ಮಾಡಿದ್ದಕ್ಕೆ ಸಿಕ್ಕ ಹತ್ತು ಹೆಜ್ಜೆ. ನಾನು ಇದನ್ನು ಎಲ್ಲರಿಗೂ ತೋರಿಸಿದೆ, ಯಾರೂ ನೋಡಲಿಲ್ಲ. ಆಮೇಲೆ ಫಾಲ್ಗುಣದ ಮದುವೆಗಳು ಬಂದವು, ಹತ್ತು ಹೆಜ್ಜೆಯನ್ನೂ ತಿಂದು ಮುಗಿಸಿದವು.

ಆ ಸೋಮವಾರ ಅಪ್ಪಯ್ಯ ತೀರ್ಥಹಳ್ಳಿಯ ಆಚೆಯ ದಿಬ್ಬಣ ಮುಗಿಸಿ, ಮನೆಗೂ ಬಾರದೆ, ಹೊಸನಗರದಲ್ಲಿ ಬಸ್ಸಿನ ಸೀಟಿನ ಮೇಲೇ ಎರಡು ತಾಸು ಮಲಗಿ ಲೈನಿಗೆ ಬಂದಿದ್ದರು. ನಾನು ಮಿಲ್ಲಿನ ಬಾಗಿಲಲ್ಲಿ ತೋಟದ ಮನೆಯ ಅಮ್ಮನ ಜೊತೆ ನಿಂತಿದ್ದೆ. ಪರೀಕ್ಷೆ ಹತ್ತಿರವಿತ್ತು, ಕೈಯಲ್ಲಿ ಪುಸ್ತಕವಿತ್ತು, ಓದುತ್ತಿರಲಿಲ್ಲ. ಆಗ ಮಾವಿನಮರದ ಎದುರಿನ ಓಣಿಯಿಂದ ನರ್ಸಮ್ಮ ಬಂದರು. ಬಯಲುಸೀಮೆ ಕಡೆಯವರು, ನಮ್ಮೂರಿಗೆ ವರ್ಗವಾಗಿ ಬಂದು ನಾಲ್ಕು ದಿನವಾಗಿತ್ತು. ಬಿಸಿಲಿಗೆ ಛತ್ರಿ ಬಿಚ್ಚಿದ್ದರು. ಅವರಿಗೆ ನಮ್ಮ ಸ್ಟಾಪಿಗೆ ಕಾಲಿರುವುದು ಗೊತ್ತಿರಲಿಲ್ಲ. ಬೋರ್ಡು ಓದಲು ಬರುತ್ತಿತ್ತು.

ಮೋರಿಯ ಹತ್ತಿರ ವಿಸಲ್ ಆಯಿತು. ಅವರಿಗೂ ಕೇಳಿತು. ಬಸ್ಸು ಮರದ ಹತ್ತಿರ ನಿಲ್ಲುತ್ತದೆ ಎಂದುಕೊಂಡು, ಕೈ ಎತ್ತಿ, ಆರಾಮವಾಗಿ ರಸ್ತೆ ದಾಟಲು ಹೊರಟರು. ನಾನು ಕೂಗಿದೆ. ಮಿಲ್ಲಿನ ಸದ್ದಿನಲ್ಲಿ ಅದು ನನಗೇ ಕೇಳಲಿಲ್ಲ.

ಬಸ್ಸಿನ ಮುಂದಿನ ಗಾಜು ನನಗೆ ನೇರ ಕಾಣುತ್ತಿತ್ತು. ಅಪ್ಪಯ್ಯನ ಮುಖವೂ. ನಿದ್ದೆ ಹೋಗಿರಲಿಲ್ಲ. ಕಣ್ಣು ಪೂರ್ತಿ ತೆರೆದಿತ್ತು, ನರ್ಸಮ್ಮನನ್ನೇ ನೋಡುತ್ತಿದ್ದರು. ಬಾಯಲ್ಲಿ ಮೇಷ್ಟ್ರು ಕೊಟ್ಟ ಕವಳ, ದವಡೆ ಆಡುತ್ತಲೇ ಇತ್ತು. ನೋಡುತ್ತಿದ್ದಾರೆ, ಬಸ್ಸು ಬರುತ್ತಿದೆ, ನೋಡುತ್ತಿದ್ದಾರೆ, ಬಸ್ಸು ಬರುತ್ತಿದೆ. ಕಣ್ಣಿಗೂ ಕಾಲಿಗೂ ನಡುವೆ ಹೊಸನಗರದಿಂದ ತೀರ್ಥಹಳ್ಳಿಯಷ್ಟು ದೂರವಿತ್ತು.

ನರ್ಸಮ್ಮ ಛತ್ರಿ ಬಿಟ್ಟು ಮರದ ಬೇರಿನ ಮೇಲೆ ಹಾರಿ ಬಿದ್ದರು. ಛತ್ರಿ ಚಕ್ರದಡಿ ಹೋಯಿತು. ಆಮೇಲೆ ಬ್ರೇಕ್ ಕೂಗಿತು. ಬಸ್ಸು ನಮ್ಮೆಲ್ಲರನ್ನೂ ದಾಟಿ, ಮಿಲ್ಲನ್ನೂ ದಾಟಿ ನಿಂತಿತು.

ನಾನು ಹೋಗುವಷ್ಟರಲ್ಲಿ ನರ್ಸಮ್ಮ ಎದ್ದು ಕೂತಿದ್ದರು. ಮೊಣಕೈ ತರಚಿ ರಕ್ತ ಬರುತ್ತಿತ್ತು. ಬಸ್ಸಿನಿಂದ ಇಳಿದವರು, ಮಿಲ್ಲಿನಿಂದ ಬಂದವರು ಸುತ್ತ ನಿಂತರು. ನಿಂತು ಮಾಡಿದ್ದೇನು ಎಂದರೆ, ಅವರನ್ನೇ ಬೈದರು.

“ಇಲ್ಲಿ ಎಂತಕ್ಕೆ ದಾಟಿದ್ದೆ ತಂಗಿ? ಬಸ್ಸು ಮಿಲ್ಲಿನ ಹತ್ರ ಅಲ್ದಾ ನಿಲ್ಲೋದು” ಎಂದರು ತೋಟದ ಮನೆಯ ಅಮ್ಮ.

“ಹೊಸಬರು, ಯಾರನ್ನಾದ್ರೂ ಕೇಳ್ಬೇಕಿತ್ತು” ಎಂದರು ಮೇಷ್ಟ್ರು.

ನರ್ಸಮ್ಮ ಕೂತಲ್ಲಿಂದಲೇ ಮರದ ಎದೆಗೆ ಬೆರಳು ತೋರಿಸಿದರು. “ಬೋರ್ಡ್ ಇಲ್ಲೇ ಐತಲ್ರೀ” ಎಂದರು.

ಎಲ್ಲರೂ ತಲೆ ಎತ್ತಿ ಬೋರ್ಡು ನೋಡಿದರು, ಅದನ್ನು ಆಗಷ್ಟೇ ಯಾರೋ ಹೊಡೆದು ಹೋದ ಹಾಗೆ. ನಾನು ಬರೆದ ಅರ್ಜಿಯ ಒಂದೊಂದು ಸಾಲೂ ನೆನಪಾಯಿತು.

ಅಪ್ಪಯ್ಯ ನಿಧಾನವಾಗಿ ಇಳಿದರು. ಬಸ್ಸಿನ ಮುಂದಿನ ಚಕ್ರದ ಪಕ್ಕ ಹಿಮ್ಮಡಿ ಇಟ್ಟು, ಮರದ ಕಡೆ ನಡೆಯತೊಡಗಿದರು. ತುಟಿ ಆಡುತ್ತಿತ್ತು. ಎಣಿಸುತ್ತಿದ್ದರು. ದಾರಿಯಲ್ಲಿ ಛತ್ರಿ ಎತ್ತಿಕೊಂಡರು, ಕಡ್ಡಿಗಳು ಎಲ್ಲೆಲ್ಲೋ ನಿಂತಿದ್ದವು. ಮರದ ಹತ್ತಿರ ಬಂದು ನರ್ಸಮ್ಮನ ಎದುರು ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನಿನ್ನ ಲೆಕ್ಕದಲ್ಲಿ ಎಷ್ಟಿತ್ತು?”

“ನಲವತ್ತಾರು, ಮಿಲ್ಲಿಗೆ.”

“ನಂಗೆ ಐವತ್ತೊಂದು ಸಿಕ್ತು.”

“ನಿಮ್ಮ ಹೆಜ್ಜೆ ದೊಡ್ಡದು ಅಪ್ಪಯ್ಯ. ನನ್ನ ಲೆಕ್ಕದಲ್ಲಿ ಅರವತ್ತರ ಮೇಲಾಗುತ್ತೆ.”

ತಲೆ ಆಡಿಸಿದರು. “ಸ್ಕೇಲ್ ಇದ್ಯಾ ಚೀಲದಲ್ಲಿ?”

ಇತ್ತು. ಬಸ್ಸಿನ ಜನರೆಲ್ಲರ ಎದುರು ಅವರು ಬೆರಳು ತೆರೆದು ನಿಂತರು. ಬಿಟ್ಟೆ, ಬಿತ್ತು. ಮತ್ತೆ ಬಿಟ್ಟೆ, ಬಿತ್ತು. ಮೂರನೆಯದು ಬೀಳುವಾಗ ಕಂಡಕ್ಟರ್ ಮಾವ ಮುಖ ತಿರುಗಿಸಿ ಗದ್ದೆ ನೋಡತೊಡಗಿದರು.

“ಇದೆಲ್ಲ ಮಕ್ಕಳಾಟ, ಹತ್ತಿ ಡ್ರೈವರ್ರೆ, ಹೊತ್ತಾಯ್ತು” ಎಂದರು ಮೇಷ್ಟ್ರು.

“ನೀವೊಂದ್ಸಲ ಹಿಡೀರಿ ಮೇಷ್ಟ್ರೆ” ಎಂದರು ಅಪ್ಪಯ್ಯ.

ಮೇಷ್ಟ್ರು ಏಳು ಇಂಚಿಗೆ ಹಿಡಿದರು. ಹಿಡಿದವರು ಅದನ್ನು ಎಲ್ಲಿ ಬಚ್ಚಿಡುವುದೋ ತಿಳಿಯದೆ ಜುಬ್ಬಾದ ಜೇಬಿಗೆ ತುರುಕಿದರು. ಅರ್ಧ ಹೊರಗೇ ಇತ್ತು.

ಅಪ್ಪಯ್ಯ ಮತ್ತೆ ಸ್ಟೇರಿಂಗ್ ಹತ್ತಲಿಲ್ಲ. ಮಿಲ್ಲಿಗೆ ಬಂದಿದ್ದ ಲಾರಿಯಲ್ಲಿ ಕಂಡಕ್ಟರ್ ಮಾವ ಸಾಗರಕ್ಕೆ ಹೋಗಿ ಆ ಹುಡುಗ ಡ್ರೈವರನ್ನು ಕರೆತರುವಷ್ಟರಲ್ಲಿ ಎರಡೂವರೆ ತಾಸು ಆಯಿತು. ಅಷ್ಟು ಹೊತ್ತೂ ಜನ ನನ್ನನ್ನು ಬೈದರು. ನರ್ಸಮ್ಮನಿಗೆ ಏನೂ ಆಗಿಲ್ಲವಲ್ಲ, ಈ ಹುಡುಗಿ ಸ್ಕೇಲು ತೆಗೆದದ್ದರಿಂದಲೇ ಎಲ್ಲ ಹಾಳಾಯಿತು ಎಂದು. ಸ್ಕೇಲು ಕೇಳಿದ್ದು ಯಾರು ಎಂದು ನಾನು ಹೇಳಲಿಲ್ಲ. ಅಪ್ಪಯ್ಯ ನರ್ಸಮ್ಮನ ಮೊಣಕೈಗೆ ಮಿಲ್ಲಿನಿಂದ ನೀರು ತಂದು ಕೊಡುತ್ತಿದ್ದರು, ಎರಡು ಸಲ, ಮೂರು ಸಲ, ಬೇಡ ಎಂದರೂ.

ಹುಡುಗ ಬಂದು ಬಸ್ಸು ಹೊರಡಿಸಿದಾಗ ಅಪ್ಪಯ್ಯ ಬಾನೆಟ್ಟಿನ ಪಕ್ಕದ ಸೀಟಿನಲ್ಲಿ ಕೂತರು. ಎಲೆಗೆ ಸುಣ್ಣ ಬಳಿದು, ಅಡಿಕೆ ಇಟ್ಟು, ಮಡಿಸಿ ಹಿಡಿದರು.

“ಬೇಡ ಮಾವ, ನಂಗೆ ಅಭ್ಯಾಸ ಇಲ್ಲ.”

ಅದನ್ನು ತಾವೇ ಬಾಯಿಗೆ ಹಾಕಿಕೊಂಡರು. ನಮ್ಮೂರಿನ ಎರಡನೇ ತಿರುವು ದಾಟುವ ಮೊದಲೇ ನಿದ್ದೆ ಹೋದರು. ದವಡೆ ಸಾಗರದವರೆಗೂ ಆಡುತ್ತಿತ್ತು. ನೋಡಲು ಮೇಷ್ಟ್ರನ್ನು ಕರೆದೆ, ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಇದಾಗಿ ಐದು ತಿಂಗಳಾಯಿತು. ಕಂಡಕ್ಟರ್ ಮಾವ ಈಗ ಸರಿಯಾದ ಜಾಗದಲ್ಲಿ ವಿಸಲ್ ಹಾಕಲು ಕಲಿತಿದ್ದಾರೆ. ಬಸ್ಸು ದಿನಾ ಬೋರ್ಡಿನ ಎದುರೇ ನಿಲ್ಲುತ್ತದೆ. ಜನ ಇನ್ನೂ ಮಿಲ್ಲಿನ ಹತ್ತಿರವೇ ನಿಲ್ಲುತ್ತಾರೆ, ಓಡಿ ಬರುತ್ತಾರೆ, ಹುಡುಗನನ್ನು ಬೈಯುತ್ತಾರೆ. ಮುಂದಕ್ಕೆ ನಡೆಯುವಾಗ ಯಾರ ಅಪ್ಪಣೆಯನ್ನೂ ಕೇಳದ ಸ್ಟಾಪು ಹಿಂದಕ್ಕೆ ಬಾ ಎಂದರೆ ಒಂದು ಹೆಜ್ಜೆಯನ್ನೂ ಎತ್ತುತ್ತಿಲ್ಲ. ಇನ್ನೊಂದು ಅರ್ಜಿ ಬರೆದುಕೊಡು ಎಂದು ಮೇಷ್ಟ್ರು ಕೇಳಿದರು. ಕೈ ನೋವು ಎಂದೆ.

ಮಾವಿನಮರದ ಕೆಳಗೆ ನಿಲ್ಲುವವರು ಮೂವರೇ. ನಾನು, ಹೊಸ ಛತ್ರಿ ಹಿಡಿದ ನರ್ಸಮ್ಮ, ಮತ್ತೆ ಅಪ್ಪಯ್ಯ. ಅವರಿಗೆ ಎಲ್ಲಿಗೂ ಹೋಗುವುದಿರುವುದಿಲ್ಲ. ಇಲ್ಲೇ ಸ್ಟಾಪು, ಇಲ್ಲಿಗೆ ಬನ್ನಿ ಎಂದು ಮಿಲ್ಲಿನ ಕಡೆಗೆ ಕೈ ಬೀಸಲು ಬರುತ್ತಾರೆ. ಯಾರೂ ಬರುವುದಿಲ್ಲ. ಅವರೆಲ್ಲ ಅಪ್ಪಯ್ಯ ನಮಸ್ಕಾರ ಹೇಳುತ್ತಿದ್ದಾರೆ ಎಂದುಕೊಂಡು ತಿರುಗಿ ಕೈ ಬೀಸುತ್ತಾರೆ.

ಮೋರಿಯ ಹತ್ತಿರ ಬಸ್ಸು ಕಂಡಾಗ ಅಪ್ಪಯ್ಯ ಮಾತು ನಿಲ್ಲಿಸುತ್ತಾರೆ. ವಿಸಲ್ ಆಗುತ್ತದೆ. ಹುಡುಗ ಬ್ರೇಕ್ ಒತ್ತುತ್ತಾನೆ. ಬಸ್ಸು ಬಂದು ನಮ್ಮೆದುರು ನಿಲ್ಲುತ್ತದೆ, ಬಾಗಿಲು ತೆರೆಯುತ್ತದೆ, ನರ್ಸಮ್ಮ ಹತ್ತುತ್ತಾರೆ. ಆಮೇಲೆ, ನಾನು ಮೆಟ್ಟಿಲಿಗೆ ಕಾಲಿಡುವ ಹೊತ್ತಿಗೆ, ಅಪ್ಪಯ್ಯನ ಬಲಗಾಲು ಚಪ್ಪಲಿಯ ಸಮೇತ ನೆಲವನ್ನು ಗಟ್ಟಿಯಾಗಿ ಒತ್ತುತ್ತದೆ.